ದೊಡ್ಡ ಪಂಪ್ ಇಳಿಸೋ ಮುಂಚೆ ಚಿಕ್ಕ ಪಂಪ್ ನೋಡಿ

ಹೋದ ಸೀಸನ್‌ನಲ್ಲಿ ಒಂದಿನ ಸಾಯಂಕಾಲ ಐದೂವರೆ ಸುಮಾರಿಗೆ ಕೆರಗೋಡು ಕಡೆಯಿಂದ ಲಾರೀಲಿ ಕಬ್ಬು ತುಂಬ್ಕೊಂಡು ಮಂಡ್ಯಕ್ಕೆ ಬರ್ತಿದ್ವಿ, ಅಪ್ಪ ಸ್ಟೇರಿಂಗ್‌ನಲ್ಲಿ, ನಾನು ಪಕ್ಕದಲ್ಲಿ, ಕ್ಲೀನರ್ ಹುಡುಗ ಬಾಗ್ಲಿಗೆ ಒರಗ್ಕೊಂಡು ಅರ್ಧ ನಿದ್ದೇಲಿ. ಒಂದು ಸಣ್ಣ ಏರು ಬಂತು, ಎತ್ತಿನಗಾಡಿನೂ ಸಲೀಸಾಗಿ ಹತ್ತೋ ಅಂಥ ಏರು. ಅಪ್ಪ ಮೂರನೇ ಗೇರಿಗೆ ಹಾಕಿ ಆಕ್ಸಿಲೇಟರ್ ಪೂರ್ತಿ ತುಳಿದ್ರು, ಗಾಡಿ ಎಳೆಯೋದ್ ಬಿಟ್ಟು ಹಸಿದಿರೋ ದನದ ಥರ ಸೊರಗ್ತಾ ಬಂತು, ಎರಡನೇ ಗೇರು, ಒಂದನೇ ಗೇರು, ಆಮೇಲೆ ಪೂರ್ತಿ ಆಫ್. "ಕಲ್ಲ್ ಕೊಡ್ಲಾ ಬೇಗ!" ಅಂತ ಅಪ್ಪ ಕೂಗಿದ್ರು, ಹುಡುಗ ಕೆಳಕ್ಕೆ ಹಾರಿ ಹಿಂದಿನ ಚಕ್ರಕ್ಕೆ ಎರಡು ಕಲ್ಲು ಕೊಟ್ಟ.

ಗಾಡಿ ಮೇಲಿದ್ದ ಕಬ್ಬು ನಮ್ಮೂರ ದೊಡ್ಡವ್ವಂದು. ಗಂಡ ಇಲ್ಲ, ಒಂದೂವರೆ ಎಕರೆ, ಕಟಾವಿಗೆ ಆಳು ಸಿಗದೆ ಹತ್ತು ದಿನ ಅಲೆದು ಅಂತೂ ಹಿಂದಿನ ದಿನ ಕಡಿಸಿದ್ದು. ಕಬ್ಬು ಕಡಿದ ಮೇಲೆ ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುತ್ತೋ ಅಷ್ಟು ನೀರು ಆರುತ್ತೆ, ತೂಕ ಇಳಿಯುತ್ತೆ, ಒಳಗಿನ ಸಕ್ಕರೆನೂ ಒಡೆದು ಕಡಿಮೆ ಆಗ್ತಾ ಹೋಗುತ್ತೆ, ಒಂದೇ ದಿನದಲ್ಲಿ ಅರೆದ್ರೆ ಒಳ್ಳೇದು. ಅಂದ್ರೆ ಗಾಡಿ ರಸ್ತೇಲಿ ನಿಂತ್ರೆ ನಷ್ಟ ನಮಗಷ್ಟೇ ಅಲ್ಲ, ಪಾಪ ಆ ಯಮ್ಮಂಗೂ. ಅಪ್ಪಂಗೆ ಸಂಕಟ ಆಗಿದ್ದು ಅದಕ್ಕೇ.

ಇದನ್ನ ಬರೀತಿರೋದು ಯಾಕೆ ಅಂದ್ರೆ, ಆ ದಿನಕ್ಕೆ ಒಂದು ವಾರ ಮುಂಚೆ ನಮಗೆ ಒಂದು ಗ್ಯಾರೇಜಲ್ಲಿ "ಪಂಪ್ ಹೋಗಿದೆ, ಇಳಿಸ್ಬೇಕು, ಮೂವತ್ತೈದು ಸಾವಿರ ಇಟ್ಕೊಳಿ, ನಾಲ್ಕು ದಿನ ಗಾಡಿ ಬಿಡಿ" ಅಂದಿದ್ರು. ಹೋಗಿದ್ದು ಪಂಪೇ, ಅದು ನಿಜ, ಆದ್ರೆ ಅವರು ತೋರಿಸಿದ ಪಂಪ್ ಅಲ್ಲ. ಆಯಿಲ್ ಖರ್ಚು ಬಿಟ್ರೆ ಎರಡು ಸಾವಿರದೊಳಗೆ, ಅರ್ಧ ದಿನದಲ್ಲಿ ಮುಗಿದ ಕೆಲಸಕ್ಕೆ ಮೂವತ್ತೈದು ಸಾವಿರ ಸಾಲ ಮಾಡ್ತಿದ್ವಿ. ನಮ್ಮ ಕಡೆ ಒಂದೇ ಗಾಡಿ ಇಟ್ಕೊಂಡು, ಬಡ್ಡಿ ಕಟ್ಕೊಂಡು ಓಡಿಸೋರು ತುಂಬ ಜನ ಇದಾರೆ, ಅವರಿಗಾದ್ರೂ ಗೊತ್ತಿರ್ಲಿ ಅಂತ ಎಲ್ಲ ಬಿಡಿಸಿ ಹೇಳ್ತೀನಿ.

ಮೊದ್ಲು ಎರಡು ಪಂಪ್ ಯಾವುದು ಅಂತ ಹೇಳ್ಬಿಡ್ತೀನಿ. ನಮ್ಮದು ಹಳೇ ಆರು ಚಕ್ರದ ಲಾರಿ, ಕಂಪ್ಯೂಟರ್ ಸೆನ್ಸರ್ ಏನೂ ಇಲ್ಲ. ಇಂಜಿನ್ ಪಕ್ಕದಲ್ಲಿ ಉದ್ದಕ್ಕೆ ಒಂದು ದೊಡ್ಡ ಪಂಪ್ ಕೂತಿರುತ್ತೆ, ಮೇಲಿಂದ ಆರು ಕಬ್ಬಿಣದ ಪೈಪು ಆರು ನಾಜಲ್‌ಗೆ, ಅಂದ್ರೆ ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸೋ ಬಾಯಿಗೆ, ಹೋಗಿರ್ತವೆ, ಅದು ಎಫ್‌ಐಪಿ, ಫ್ಯೂಯೆಲ್ ಇಂಜೆಕ್ಷನ್ ಪಂಪ್. ನಮ್ಮಪ್ಪನ ಕಾಲದ ಡ್ರೈವರ್‌ಗಳು ಈಗ್ಲೂ ಅದನ್ನ ಮೈಕೋ ಪಂಪು ಅಂತಾರೆ, 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡೀಲಿ ಈ ಪಂಪು, ನಾಜಲ್ ಎಲ್ಲ ಮಾಡ್ತಿತ್ತು, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯ್ತು, ಆದ್ರೆ ಅಪ್ಪ ಇವತ್ತಿಗೂ ಅಂಗಡೀಲಿ "ಮೈಕೋದ್ ಕೊಡಿ" ಅಂತಾನೇ ಕೇಳೋದು. ಇದರ ಒಳಗೆ ಹಿಂದೆ ಮುಂದೆ ಓಡಾಡಿ ಡೀಸೆಲ್ ಒತ್ತೋ ಪ್ಲಂಜರ್ರು, ಅದು ಕೂತಿರೋ ಕೊಳವೆ ಬ್ಯಾರಲ್ಲು, ಎರಡೂ ಎಷ್ಟು ಬಿಗಿ ಅಂದ್ರೆ ಮಧ್ಯದ ಸಂದಿ ಎರಡು ಮೂರು ಮೈಕ್ರಾನ್ ಅಷ್ಟೇ, ನಮ್ಮ ತಲೆಗೂದಲು ಹತ್ತಿರ ಹತ್ತಿರ ಎಪ್ಪತ್ತು ಮೈಕ್ರಾನ್ ದಪ್ಪ ಇರುತ್ತೆ, ಲೆಕ್ಕ ಹಾಕ್ಕೊಳಿ. ಅಷ್ಟು ಬಿಗಿ ಇರೋದ್ರಿಂದ್ಲೇ ಡೀಸೆಲ್‌ನ ಇನ್ನೂರು ಬಾರ್ ಸುಮಾರು ಪ್ರೆಷರ್‌ಗೆ ಒತ್ತಿ ನಾಜಲ್ ಬಾಯಿ ಬಿಡಿಸೋಕಾಗೋದು.

ಆದ್ರೆ ಈ ದೊಡ್ಡ ಪಂಪ್ ತಾನಾಗೇ ಟ್ಯಾಂಕಿಂದ ಡೀಸೆಲ್ ಎಳ್ಕೊಳಲ್ಲ. ಅದರ ಹೊಟ್ಟೆಗೆ ಅಂಟ್ಕೊಂಡ ಹಾಗೆ ಅಂಗೈ ಅಗಲದ ಒಂದು ಚಿಕ್ಕ ಪಂಪ್ ಇದೆ, ಮೂರು ನಟ್ಟಲ್ಲಿ ಕೂತಿರುತ್ತೆ, ಮೇಲೆ ತಿರುಗಿಸಿ ಬಿಚ್ಚಿ ಕೈಯಲ್ಲಿ ಒತ್ತೋ ಗುಂಡಿ ಇರುತ್ತೆ. ಅದೇ ಫೀಡ್ ಪಂಪ್. ಟ್ಯಾಂಕಿಂದ ಎಳೆದು, ಫಿಲ್ಟರ್ ದಾಟಿಸಿ, ದೊಡ್ಡ ಪಂಪ್ ಬಾಯಿಗೆ ಒಂದೆರಡು ಬಾರ್ ಪ್ರೆಷರ್‌ನಲ್ಲಿ ಡೀಸೆಲ್ ತುಂಬಿಸ್ತಾ ಇರೋದು ಅದರ ಕೆಲಸ. ಅಡುಗೆಯವರಿಗೆ ನೀರು ಹೊತ್ತು ಕೊಡೋ ಆಳು ಇದ್ದ ಹಾಗೆ, ಆಳು ಬರ್ಲಿಲ್ಲ ಅಂದ್ರೆ ಅಡುಗೆಯವರು ಎಷ್ಟು ಗಟ್ಟಿ ಇದ್ರೇನು, ಅನ್ನ ಬೇಯಲ್ಲ.

ನಮ್ಮ ಗಾಡಿ ವಾರದಿಂದ ಏನ್ ಮಾಡ್ತಿತ್ತು ಅಂದ್ರೆ, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸೆಲ್ಫ್ ಜಾಸ್ತಿ ಹೊಡೀಬೇಕು, ಸ್ಟಾರ್ಟ್ ಆದ್ಮೇಲೆ ಐಡಲ್ ಚೆನ್ನಾಗೇ ಇರೋದು, ಖಾಲಿ ಗಾಡಿ ಓಡೋದು, ಲೋಡ್ ಹಾಕಿ ಏರಿಗೆ ಬಂದ್ರೆ ಪಿಕಪ್ ಸತ್ತು ಹೋಗೋದು. ನಿಂತ್ಮೇಲೆ ಕೈ ಗುಂಡಿ ಇಪ್ಪತ್ತು ಸಲ ಒತ್ತಿದ್ರೆ ಮತ್ತೆ ಸ್ಟಾರ್ಟ್, ಒಂದು ಎರಡು ಕಿಲೋಮೀಟರ್, ಮತ್ತೆ ಅದೇ ಕಥೆ. ಅಪ್ಪ ಒಂದು ಮಾತು ಹೇಳ್ತಾನೇ ಇದ್ರು, "ಹೊಗೆ ಬತ್ತಾ ಇಲ್ಲ ಕಣ್ಲಾ ಮಗ, ಹೊಗೆ ಬತ್ತಾ ಇಲ್ಲ." ಅವಾಗ ನಂಗೆ ಅರ್ಥ ಆಗ್ಲಿಲ್ಲ. ಏರ್ ಫಿಲ್ಟರ್ ಕಟ್ಟಿದ್ರೆ ಗಾಳಿ ಸಾಲಲ್ಲ, ಡೀಸೆಲ್ ಸರಿಯಾಗಿ ಉರಿಯಲ್ಲ, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ದಬದಬ ಬರುತ್ತೆ. ನಮ್ಮ ಗಾಡಿ ಅಷ್ಟು ತಿಣುಕ್ತಿದ್ರೂ ಹೊಗೆನೇ ಇಲ್ಲ, ಅಂದ್ರೆ ಉರಿಯೋಕೆ ಡೀಸೆಲ್ಲೇ ಬರ್ತಿಲ್ಲ ಅಂತ.

ಗ್ಯಾರೇಜ್‌ನೋರು ಫಿಲ್ಟರ್ ಬದಲಾಯ್ಸಿ ನೋಡಿದ್ರು, ಸರಿಹೋಗ್ಲಿಲ್ಲ, ಸೀದಾ ಎಫ್‌ಐಪಿ ಅಂದ್ಬಿಟ್ರು. ಟ್ಯಾಂಕಿಂದ ಎಫ್‌ಐಪಿ ತನಕ ಮಧ್ಯದಲ್ಲಿ ಏನಿದೆ ಅಂತ ಒಬ್ರೂ ಕೈ ಹಾಕಿ ನೋಡ್ಲಿಲ್ಲ. ನಂಗೆ ಈಗ್ಲೂ ಬೇಜಾರಿರೋದು ಅದೊಂದೇ ವಿಷಯಕ್ಕೆ. ಎಫ್‌ಐಪಿ ಇಳಿಸೋದು ಅಂದ್ರೆ ಸುಮ್ನೆ ಅಲ್ಲ, ಯಾವ ಕ್ಷಣಕ್ಕೆ ಡೀಸೆಲ್ ಬಿಡ್ಬೇಕು ಅನ್ನೋ ಟೈಮಿಂಗ್ ಕಳಚುತ್ತೆ, ಟೆಸ್ಟ್ ಬೆಂಚ್ ಮೇಲೆ ಹಾಕಿ ಆರೂ ಲೈನು ಸಮ ಡೀಸೆಲ್ ಕೊಡೋ ಹಾಗೆ ಕ್ಯಾಲಿಬ್ರೇಷನ್ ಮಾಡಿಸ್ಬೇಕು, ವಾಪಸ್ ಕೂರಿಸುವಾಗ ಮಾರ್ಕ್ ನೋಡಿ ಟೈಮಿಂಗ್ ಇಡ್ಬೇಕು. ಚೆನ್ನಾಗಿರೋ ಪಂಪನ್ನ ಸುಮ್ಸುಮ್ನೆ ಬಿಚ್ಚೋದು ತಪ್ಪು.

ಸರಿ, ಆ ಸಾಯಂಕಾಲಕ್ಕೆ ಬರ್ತೀನಿ. ಕೈ ಗುಂಡಿ ಒತ್ತಿ ಒತ್ತಿ ನನ್ನ ಹೆಬ್ಬೆಟ್ಟು ಕೆಂಪಾಗಿತ್ತು, ಐವತ್ತು ಮಾರು ಹೋಗೋದು ನಿಲ್ಲೋದು. ಕತ್ತಲಾಗ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ, ರಸ್ತೆ ಪಕ್ಕ ಯಾರೋ ಮನೆ ಕಟ್ಟಿಸ್ತಿದ್ರಲ್ಲ, ಅಲ್ಲಿಗೆ ಹೋದ್ರು. ಗಾರೆ ಕೆಲಸದೋರು ಇನ್ನೇನ್ ಹೊರಟಿದ್ರು. ವಾಪಸ್ ಬಂದಾಗ ಅಪ್ಪನ ಕೈಯಲ್ಲಿ ಲೆವೆಲ್ ಪೈಪ್ ಇತ್ತು, ನೀರು ತುಂಬಿ ಗೋಡೆ ಮಟ್ಟ ನೋಡೋ ಆ ಬೆಳ್ಳಗಿನ ಆರಪಾರ ಕಾಣೋ ಪೈಪು. ಹುಡುಗನ್ನ ಯಾರದೋ ಬೈಕಲ್ಲಿ ಕೂರಿಸಿ ಬಂಕಿಗೆ ಕಳಿಸಿ ಇಪ್ಪತ್ತು ಲೀಟರ್ ಕ್ಯಾನ್‌ನಲ್ಲಿ ಡೀಸೆಲ್ ತರಿಸಿದ್ರು. ಆಮೇಲೆ ಅಪ್ಪ ಮಾಡಿದ್ದು ನೋಡಿ ನಂಗೆ ಆಶ್ಚರ್ಯ ಆಯ್ತು. ಕ್ಯಾನ್‌ನ ಕ್ಯಾಬಿನ್ ಮೇಲೆ ಎತ್ತಿ ಹಗ್ಗ ಹಾಕಿ ಬಿಗಿದು ಕಟ್ಟಿದ್ರು, ಲೆವೆಲ್ ಪೈಪಿನ ಒಂದು ತುದಿ ಕ್ಯಾನ್ ಒಳಗೆ, ಇನ್ನೊಂದು ತುದಿ ಸೀದಾ ಡೀಸೆಲ್ ಫಿಲ್ಟರ್ ಒಳಗೆ ಹೋಗೋ ಕಡೆಗೆ ಸಿಕ್ಕಿಸಿ ಕ್ಲಿಪ್ ಹಾಕಿದ್ರು. ಫೀಡ್ ಪಂಪಿಗೆ ಹೋಗೋ ಬರೋ ಪೈಪ್ ಎರಡೂ ಬಿಚ್ಚಿ ಪಕ್ಕಕ್ಕೆ ಕಟ್ಟಿಟ್ರು. ಮೇಲಿಂದ ಕೆಳಕ್ಕೆ ಡೀಸೆಲ್ ತಾನಾಗೇ ಇಳಿಯುತ್ತಲ್ಲ, ಫೀಡ್ ಪಂಪ್ ಕೆಲಸನ ಎತ್ತರನೇ ಮಾಡುತ್ತೆ.

ಏರ್ ತೆಗೆದು, ಅಂದ್ರೆ ಡೀಸೆಲ್ ಲೈನಲ್ಲಿ ಸೇರಿದ್ದ ಗಾಳಿ ಹೊರಗೆ ಬಿಟ್ಟು, ಸೆಲ್ಫ್ ಹೊಡೆದ್ರು. ಎರಡನೇ ಸಲಕ್ಕೆ ಸ್ಟಾರ್ಟ್. ರೇಸ್ ಕೊಟ್ರೆ ಇಂಜಿನ್ ಗುಟುರು ಹಾಕ್ತು, ಹಳೇ ಸೌಂಡು, ವಾರದಿಂದ ಕೇಳದೇ ಇದ್ದ ಸೌಂಡು. ಅದೇ ಏರು, ಅದೇ ಲೋಡು, ಒಂದನೇ ಗೇರಲ್ಲಿ ನಿಧಾನಕ್ಕೆ ಹತ್ತಿಸ್ಬಿಡ್ತು. ನಾನು ಕಿಟಕೀಲಿ ಕತ್ತು ಹಾಕಿ ಪೈಪು ಜಾರದಂಗೆ ನೋಡ್ತಾ, ಗಂಟೆಗೆ ಇಪ್ಪತ್ತು ಕಿಲೋಮೀಟರ್ ಸ್ಪೀಡಲ್ಲಿ ಮಂಡ್ಯ ಸೇರಿದ್ವಿ, ರಾತ್ರಿ ಹತ್ತು ಗಂಟೆಗೆ ಗಾಡಿ ಸಕ್ಕರೆ ಫ್ಯಾಕ್ಟರಿ ಯಾರ್ಡಲ್ಲಿ ಸಾಲಿಗೆ ನಿಂತ್ತು. ಇದನ್ನ ದಯವಿಟ್ಟು ದಿನಾ ಓಡಿಸೋ ಉಪಾಯ ಅಂತ ತಗೋಬೇಡಿ, ಡೀಸೆಲ್ ತೊಟ್ಟಿಕ್ಕಿ ಬಿಸಿ ಸೈಲೆನ್ಸರ್ ಮೇಲೆ ಬಿದ್ರೆ ಬೆಂಕಿ ಆಗುತ್ತೆ, ಕಬ್ಬಿನ ಸೋಗೆ ಬೇರೆ ಒಣಗಿರುತ್ತೆ. ಅಪ್ಪ ಎರಡು ಸಲ ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿ, ಎಲ್ಲೂ ಸೋರ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ಮುಂದಕ್ಕೆ ಹೊರಟಿದ್ದು.

ಆದ್ರೆ ಆ ಕ್ಯಾನು ನಮಗೆ ದಾರಿ ದಾಟಿಸಿದ್ದು ಮಾತ್ರ ಅಲ್ಲ, ಕಾಯಿಲೆ ಯಾವುದು ಅಂತನೂ ಹೇಳ್ಬಿಡ್ತು. ಎಫ್‌ಐಪಿ ಹೋಗಿದ್ರೆ ಕ್ಯಾನಿಂದ ಕೊಟ್ರೂ ಎಳೀಬಾರ್ದಿತ್ತು. ನಾಜಲ್ ಹೋಗಿದ್ರೂ ಅಷ್ಟೇ. ಡೀಸೆಲ್ ಬಾಯಿಗೆ ಸಿಕ್ಕಿದ ತಕ್ಷಣ ದೊಡ್ಡ ಪಂಪ್ ತನ್ನ ಕೆಲಸ ಮಾಡ್ತು, ಅಂದ್ರೆ ತೊಂದರೆ ಇರೋದು ಟ್ಯಾಂಕ್, ಪೈಪು, ಫೀಡ್ ಪಂಪ್, ಈ ಮೂರರಲ್ಲೇ. ಮೂವತ್ತೈದು ಸಾವಿರ ಅಲ್ಲಿಗೆ ಉಳೀತು. ಅಪ್ಪ ಏನೂ ಹೇಳ್ಲಿಲ್ಲ, ಯಾರ್ಡಲ್ಲಿ ಅವ್ವ ಕಟ್ಟಿಕೊಟ್ಟಿದ್ದ ಮುದ್ದೆ ಬಸ್ಸಾರು ಬಿಚ್ಚಿ ನನ್ ಮುಂದೆ ಇಟ್ಟು "ಉಣ್ಣು" ಅಂದ್ರು ಅಷ್ಟೇ, ಮುದ್ದೆ ಕಲ್ಲಾಗಿತ್ತು, ಆದ್ರೂ ಅಷ್ಟು ರುಚಿಯಾಗಿ ಉಂಡಿದ್ದು ನೆನಪಿಲ್ಲ.

ಬೆಳಿಗ್ಗೆ ಕಬ್ಬು ಇಳಿಸಿ, ಅಪ್ಪಂಗೆ ಹಳೇ ಪರಿಚಯದ ಒಬ್ರು ಮೇಸ್ತ್ರಿ ಇದಾರೆ, ವಯಸ್ಸಾಗಿದೆ, ಈಗ ಶೆಡ್ ಇಲ್ಲ, ಮನೆ ಮುಂದೇನೇ ಸಣ್ಣ ಪುಟ್ಟ ಕೆಲಸ ಮಾಡ್ತಾರೆ, ಅವರ ಹತ್ರ ಹೋದ್ವಿ. ರಾತ್ರಿ ನಡೆದಿದ್ದೆಲ್ಲ ಹೇಳಿದ್ವಿ. ಅವರು ಪಾನಾ ಮುಟ್ಲಿಲ್ಲ, ಮೊದ್ಲು ಆಯಿಲ್ ಕಡ್ಡಿ ಎಳೆದ್ರು. ಮೇಲಿನ ಗೆರೆಗಿಂತ ಎರಡು ಬೆರಳು ಜಾಸ್ತಿ ಇತ್ತು. ಕಡ್ಡಿ ಮೂಗಿನ ಹತ್ರ ಹಿಡಿದು ಮೂಸಿ, ಬೆರಳಲ್ಲಿ ಉಜ್ಜಿ, ನನ್ ಕೈಗೆ ಕೊಟ್ರು. "ನೋಡಪ್ಪ, ಏನ್ ವಾಸ್ನೆ?" ಡೀಸೆಲ್ ವಾಸ್ನೆ. ಇಂಜಿನ್ ಆಯಿಲ್ ನೀರ್‌ನೀರಾಗಿ ಬೆರಳಿಂದ ಜಾರ್ತಿತ್ತು, ಅದರಲ್ಲಿರ್ಬೇಕಾದ ಜಿಡ್ಡೇ ಇಲ್ಲ. "ಗೌಡ್ರೆ, ಆಯಿಲ್ ಎಷ್ಟ್ ದಿನದಿಂದ ಹೆಚ್ತಾ ಅದೆ?" ಅಂತ ಅಪ್ಪನ್ನ ಕೇಳಿದ್ರು. ಅಪ್ಪ ತಲೆ ತಗ್ಗಿಸಿದ್ರು. ಆಯಿಲ್ ಕಮ್ಮಿ ಆದ್ರೆ ನೋಡ್ತೀವಿ, ಹೆಚ್ಚಾದ್ರೆ ಯಾರೂ ಯೋಚನೆ ಮಾಡಲ್ಲ.

ಇದು ಹೆಂಗೆ ಅಂದ್ರೆ, ಫೀಡ್ ಪಂಪ್‌ನ ಓಡಿಸೋದು ಎಫ್‌ಐಪಿ ಒಳಗೆ ತಿರುಗೋ ದಂಡ, ಕ್ಯಾಮ್ ಶಾಫ್ಟ್, ಅದರ ಮೇಲಿರೋ ಉಬ್ಬೇ ಕ್ಯಾಮು. ಕ್ಯಾಮು ಒಂದು ರೋಲರ್‌ನ ತಳ್ಳುತ್ತೆ, ರೋಲರ್ ಒಂದು ಸಣ್ಣ ಕಡ್ಡಿನ ತಳ್ಳುತ್ತೆ, ಆ ಕಡ್ಡಿ ಆಚೆ ಕಡೆ ಡೀಸೆಲ್, ಈಚೆ ಕಡೆ ಆಯಿಲ್. ನಮ್ಮ ಗಾಡೀಲಿ ಎಫ್‌ಐಪಿಗೆ ಇಂಜಿನ್ ಆಯಿಲ್ಲೇ ಹೋಗಿ ಬರುತ್ತೆ. ಕಡ್ಡಿ ಓಡಾಡೋ ತೂತು ಸವೆದ್ರೆ ಡೀಸೆಲ್ ಅಲ್ಲಿಂದ ಜಿನುಗಿ ಆಯಿಲ್‌ಗೆ ಸೇರುತ್ತೆ, ಹೊರಗಡೆ ಒಂದು ತೊಟ್ಟೂ ಕಾಣಲ್ಲ. ಹಂಗೇ ಓಡಿಸಿದ್ರೆ ಬೇರಿಂಗ್ ತಿಂದ್ಹಾಕ್ಬಿಡುತ್ತೆ, ಆಮೇಲೆ ಖರ್ಚು ಮೂವತ್ತೈದಲ್ಲ, ಲಕ್ಷದ ಲೆಕ್ಕ.

ಆದ್ರೂ ಮೇಸ್ತ್ರಿ ಅಷ್ಟಕ್ಕೇ ತೀರ್ಮಾನ ಮಾಡ್ಲಿಲ್ಲ, ಅದು ನಂಗೆ ತುಂಬ ಇಷ್ಟ ಆಯ್ತು. ಒಂದೊಂದೇ ಪರೀಕ್ಷೆ ಮಾಡಿಸಿದ್ರು, ನನ್ ಕೈಯಲ್ಲೇ. ಟ್ಯಾಂಕ್ ಮುಚ್ಚಳ ತೆಗೆದಿಟ್ಟು ಓಡಿಸಿ ನೋಡು ಅಂದ್ರು, ಮುಚ್ಚಳದ ಗಾಳಿ ತೂತು ಮುಚ್ಚಿದ್ರೂ ಡೀಸೆಲ್ ಬರಲ್ಲವಂತೆ, ಏನೂ ವ್ಯತ್ಯಾಸ ಆಗ್ಲಿಲ್ಲ. ಆಮೇಲೆ ರಾತ್ರಿ ತಂದಿದ್ದ ಲೆವೆಲ್ ಪೈಪೇ ತಗೊಂಡು, ಈ ಸಲ ಕ್ಯಾನ್‌ನ ನೆಲದ ಮೇಲಿಟ್ಟು ಫೀಡ್ ಪಂಪ್ ಎಳೆಯೋ ಕಡೆಗೆ ಕೊಟ್ಟು ಫೀಡ್ ಪಂಪಿಂದ ಫಿಲ್ಟರ್‌ಗೆ ಪೈಪ್ ಮೊದಲಿನ ಹಾಗೆ ಹಾಕಿದ್ವಿ. ಇಲ್ಲೇ ನೋಡಿ ಆರಪಾರ ಪೈಪಿನ ಉಪಯೋಗ. ಪೈಪಲ್ಲಿ ಗುಳ್ಳೆ ಬಂದ್ರೆ ಎಲ್ಲೋ ಗಾಳಿ ಎಳೀತಿದೆ ಅಂತ, ಗುಳ್ಳೆ ಇಲ್ಲದೆ ಡೀಸೆಲ್ ಸರಾಗ ಹೋಗಿ ಗಾಡಿನೂ ಚೆನ್ನಾಗಿ ಓಡಿದ್ರೆ ತೊಂದರೆ ಟ್ಯಾಂಕ್ ಜಾಲರಿ ಅಥವಾ ಪೈಪಲ್ಲಿದೆ ಅಂತ. ನಮ್ಮದ್ರಲ್ಲಿ ಒಂದು ಗುಳ್ಳೆ ಇಲ್ಲ, ಆದ್ರೆ ರೇಸ್ ಕೊಟ್ರೆ ಪೈಪಲ್ಲಿ ಡೀಸೆಲ್ ಆಮೆ ಥರ ತೆವಳ್ತಿತ್ತು, ಇಂಜಿನ್ ಮತ್ತೆ ಸೊರಗ್ತು. ಟ್ಯಾಂಕೂ ಸರಿ, ಪೈಪೂ ಸರಿ.

ಕೊನೇದು ನಂಗೆ ತುಂಬ ಹಿಡಿಸಿದ ಪರೀಕ್ಷೆ. ಫೀಡ್ ಪಂಪ್ ಹೊರಗೆ ಕೊಡೋ ಪೈಪ್ ಬಿಚ್ಚಿ ಒಂದು ಬಾಟ್ಲಿ ಹಿಡಿದು, ಮೊದ್ಲು ಕೈ ಗುಂಡಿ ಒತ್ತಿದ್ವಿ, ಒಂದೊಂದು ಒತ್ತಿಗೂ ಡೀಸೆಲ್ ಪಿಚಕಾರಿ ಥರ ಚಿಮ್ಮಿ ಬಂತು. ಆಮೇಲೆ ಕೈ ಬಿಟ್ಟು ಸೆಲ್ಫ್ ಹೊಡೆದ್ವಿ. ಅದೇ ಪಂಪು, ಈಗ ತೊಟ್ಟು ತೊಟ್ಟು. ಮೇಸ್ತ್ರಿ ವಿವರಿಸಿದ್ರು, ಫೀಡ್ ಪಂಪಲ್ಲಿ ಒಳಗೆ ಬರೋಕೊಂದು ಹೊರಗೆ ಹೋಗೋಕೊಂದು ವಾಲ್ವ್ ಇರುತ್ತೆ, ಕೈಯಲ್ಲಿ ಒತ್ತಿದ್ರೂ ಇಂಜಿನ್ ಓಡಿಸಿದ್ರೂ ಕೆಲಸ ಮಾಡೋದು ಅವೇ ಎರಡು ವಾಲ್ವು. ಕೈಯಲ್ಲಿ ಚೆನ್ನಾಗಿ ಬಂತು ಅಂದ್ರೆ ವಾಲ್ವ್ ಚೆನ್ನಾಗಿದೆ. ಇಂಜಿನ್ ಓಡಿಸಿದಾಗ ಬರ್ತಿಲ್ಲ ಅಂದ್ರೆ ಪ್ಲಂಜರ್ ಅಥವಾ ಸ್ಪ್ರಿಂಗ್. ಬಿಚ್ಚೋಕೆ ಮುಂಚೇನೇ "ಸ್ಪ್ರಿಂಗ್ ಮುರ್ದಿರ್ತದೆ ನೋಡಿ" ಅಂದ್ರು.

ಬಿಚ್ಚೋಕೆ ಮುಂಚೆ ಅರ್ಧ ಗಂಟೆ ತೊಳೆಯೋದೇ ಆಯ್ತು. ಸುತ್ತ ಮುತ್ತ ಕೆಸರು, ಕಬ್ಬಿನ ಸಿಪ್ಪೆ, ಹಳೇ ಆಯಿಲ್ ಸೇರಿ ಗಟ್ಟಿಯಾಗಿದ್ದ ಮಡ್ಡಿ, ಎಲ್ಲ ಬ್ರಶ್ಶು ಡೀಸೆಲ್ ಹಾಕಿ ತೊಳೆದ್ವಿ. ಎರಡು ಮೂರು ಮೈಕ್ರಾನ್ ಸಂದಿ ಇರೋ ಕಡೆ ಒಂದು ಕಣ ಮಣ್ಣು ಹೋದ್ರೂ ಗೀರು ಬೀಳುತ್ತೆ. ಬಿಚ್ಚಿದ ಪೈಪಿನ ಬಾಯಿಗೆಲ್ಲ ಶುದ್ಧ ಪ್ಲಾಸ್ಟಿಕ್ ಕವರ್ ಕಟ್ಟಿದ್ವಿ, ಬನಿಯನ್ ವೇಸ್ಟ್ ತುರುಕೋಕೆ ಹೋದೆ, ಮೇಸ್ತ್ರಿ ಕೈ ಮೇಲೆ ಹೊಡೆದ್ರು, ಅದರ ನೂಲು ಒಳಗೆ ಹೋಗುತ್ತೆ ಅಂತ. ಮೂರು ನಟ್ ಬಿಚ್ಚಿದ್ರೆ ಪಂಪ್ ಕೈಗೆ ಬಂತು. ಬಿಚ್ಚುವಾಗ ಪಂಪು ಗಟ್ಟಿಯಾಗಿ ಹೊರಕ್ಕೆ ತಳ್ತಿದ್ರೆ ಕ್ಯಾಮ್ ಏರಲ್ಲಿದೆ ಅಂತ ಅರ್ಥ, ಇಂಜಿನ್ ಸ್ವಲ್ಪ ತಿರುಗಿಸಿ ಕ್ಯಾಮ್ ಇಳಿದ ಮೇಲೆ ಬಿಚ್ಚಬೇಕು, ಹಾಕುವಾಗ್ಲೂ ಹಾಗೇ.

ಪಂಪಿನ ದೊಡ್ಡ ಬೋಲ್ಟ್ ತೆಗೆದು ಅಂಗೈ ಮೇಲೆ ಬಗ್ಗಿಸಿದ್ರು. ಸ್ಪ್ರಿಂಗ್ ಎರಡು ತುಂಡಾಗಿ ಬಿತ್ತು. ಮುರಿದ ಜಾಗ ಒಂದಕ್ಕೊಂದು ಉಜ್ಜಿ ಉಜ್ಜಿ ಕನ್ನಡಿ ಥರ ಹೊಳೀತಿತ್ತು, ಅಂದ್ರೆ ಮುರಿದು ಬಹಳ ದಿನ ಆಗಿದೆ. ಪ್ಲಂಜರ್ ಮೈಮೇಲೆ ಉದ್ದಕ್ಕೆ ಗೀರು, ಉಗುರಿಗೆ ಸಿಗೋವಷ್ಟು.

ಸ್ಪ್ರಿಂಗ್ ಬಗ್ಗೆ ಒಂದು ಮಾತು ಹೇಳ್ಲೇಬೇಕು, ನಾನು ತಪ್ಪಾಗಿ ತಿಳ್ಕೊಂಡಿದ್ದೆ. ಕ್ಯಾಮು ತಳ್ಳಿದಾಗ ಡೀಸೆಲ್ ಹೊರಗೆ ಹೋಗುತ್ತೆ ಅಂದ್ಕೊಂಡಿದ್ದೆ, ಅಲ್ಲ. ಕ್ಯಾಮ್ ತಳ್ಳಿದಾಗ ಸ್ಪ್ರಿಂಗ್ ಕುಗ್ಗುತ್ತೆ, ಡೀಸೆಲ್ ಪ್ಲಂಜರ್‌ನ ಈ ಕಡೆಯಿಂದ ಆ ಕಡೆಗೆ ಸರಿಯುತ್ತೆ ಅಷ್ಟೇ. ಕ್ಯಾಮ್ ಇಳಿದಾಗ ಸ್ಪ್ರಿಂಗ್ ಪ್ಲಂಜರ್‌ನ ವಾಪಸ್ ತಳ್ಳುತ್ತಲ್ಲ, ಆ ಒಂದೇ ಏಟಿಗೆ ಒಂದು ಕಡೆ ಡೀಸೆಲ್ ಫಿಲ್ಟರ್ ಕಡೆ ಹೋಗುತ್ತೆ, ಇನ್ನೊಂದು ಕಡೆ ಟ್ಯಾಂಕಿಂದ ಹೊಸದು ಬರುತ್ತೆ. ಅಂದ್ರೆ ತಳ್ಳೋ ಶಕ್ತಿ ಪೂರ್ತಿ ಆ ಸ್ಪ್ರಿಂಗಿಂದು. ಇಂಜಿನ್‌ಗೆ ಜಾಸ್ತಿ ಬೇಡ್ದಾಗ ಪೈಪಲ್ಲಿ ಪ್ರೆಷರ್ ಏರಿ ಸ್ಪ್ರಿಂಗ್ ಅರ್ಧಕ್ಕೇ ನಿಲ್ಲುತ್ತೆ, ತಾನಾಗೇ ಕಡಿಮೆ ಕೊಡುತ್ತೆ, ಎಷ್ಟು ಚೆಂದದ ಯೋಚನೆ ನೋಡಿ. ಮುರಿದ ಸ್ಪ್ರಿಂಗು ಐಡಲ್‌ಗೆ ಸಾಕಾಗೋವಷ್ಟು ತಳ್ತಿತ್ತು, ಲೋಡಿಗೆ ಸಾಲ್ತಿರ್ಲಿಲ್ಲ. ವಾರ ಪೂರ್ತಿ ಗಾಡಿ ಆಡಿದ್ದು ಇದೇ ಆಟ.

ಸ್ಪ್ರಿಂಗ್ ಒಂದೇ ಹಾಕಿದ್ರೆ ಕಡಿಮೆ ದುಡ್ಡು, ಕಿಟ್ ಸಿಗುತ್ತೆ, ಆದ್ರೆ ಕಡ್ಡಿ ತೂತು ಸವೆದು ಆಯಿಲ್‌ಗೆ ಡೀಸೆಲ್ ಇಳೀತಿದ್ರಿಂದ ಪೂರ್ತಿ ಹೊಸ ಫೀಡ್ ಪಂಪೇ ಹಾಕಿ ಅಂದ್ರು ಮೇಸ್ತ್ರಿ. ಅದು ಸರಿಯಾದ ಮಾತು. ಹಳೇ ಪಂಪ್ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋದೆ, ಎಳೆಯೋ ಬಾಯಿ, ಕೊಡೋ ಬಾಯಿ, ರೋಲರ್ ಉದ್ದ ಎಲ್ಲ ಪಕ್ಕಪಕ್ಕ ಇಟ್ಟು ನೋಡಿನೇ ತಂದೆ. ಹೊಸ ಗ್ಯಾಸ್ಕೆಟ್, ಪೈಪಿನ ಬೋಲ್ಟಿಗೆ ಎರಡು ಕಡೆಗೂ ಹೊಸ ತಾಮ್ರದ ವಾಷರ್. ಹಳೇ ವಾಷರ್ ಒಂದು ಸಲ ಅಮುಕಿ ಗಟ್ಟಿಯಾಗಿರುತ್ತೆ, ಅದನ್ನೇ ಹಾಕಿದ್ರೆ ಡೀಸೆಲ್ ಸೋರದೆ ಇದ್ರೂ ಗಾಳಿ ಎಳೆಯುತ್ತೆ. ಊರಲ್ಲಿ ಹೊಸದು ಸಿಗದಿದ್ರೆ ಒಲೇಲಿ ಕೆಂಪಗೆ ಕಾಯಿಸಿ ಆರಿಸಿದ್ರೆ ತಾಮ್ರ ಮೆತ್ತಗಾಗುತ್ತೆ, ಇನ್ನೊಂದು ಸಲ ಆಗುತ್ತೆ. ದಾರ, ಟೇಪು, ಅಂಟು ಮಾತ್ರ ಡೀಸೆಲ್ ಲೈನಲ್ಲಿ ಬೇಡವೇ ಬೇಡ, ಚೂರು ಕಿತ್ಕೊಂಡು ಒಳಗೆ ಹೋದ್ರೆ ಮತ್ತೆ ಅದೇ ಗೋಳು.

ರೋಲರ್‌ಗೆ ನಾಲ್ಕು ತೊಟ್ಟು ಆಯಿಲ್ ಬಿಟ್ಟು, ಪಂಪ್ ಕೂರಿಸಿ, ಮೂರು ನಟ್ಟೂ ಒಂದಾದ್ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗಿಸ್ತಾ ಸಮವಾಗಿ ಬಿಗಿ ಮಾಡಿದ್ವಿ. ಇನ್ನು ಏರ್ ತೆಗೆಯೋದು. ಇದರಲ್ಲಿ ಅವಸರ ಮಾಡಿದ್ರೆ ಬ್ಯಾಟರಿನೂ ಹೋಗುತ್ತೆ ಸೆಲ್ಫ್ ಮೋಟರೂ ಹೋಗುತ್ತೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ ಕೈ ಗುಂಡಿ ಒತ್ತುತ್ತಾ ಹೋದೆ, ಮೊದ್ಲು ಬರೀ ಗಾಳಿ, ಆಮೇಲೆ ಸೋಪಿನ ನೊರೆ ಥರ ಬಿಳಿ ಡೀಸೆಲ್, ಆಮೇಲೆ ನೊರೆ ಮಧ್ಯೆ ಮಧ್ಯೆ ಮಾತ್ರ, ಕೊನೆಗೆ ಜೇನಿನ ಬಣ್ಣದ ಶುದ್ಧ ಡೀಸೆಲ್, ಅದು ಹರೀತಾ ಇರುವಾಗ್ಲೇ ಸ್ಕ್ರೂ ಬಿಗಿ ಮಾಡ್ಬೇಕು. ಎಫ್‌ಐಪಿ ಮೇಲಿನ ಸ್ಕ್ರೂನಲ್ಲೂ ಅದೇ ಥರ. ಆಮೇಲೆ ನಾಜಲ್ ಕಡೆ ಎರಡು ಪೈಪಿನ ನಟ್ ಅರ್ಧ ಸುತ್ತು ಸಡಿಲ ಮಾಡಿ ಸೆಲ್ಫ್ ಹೊಡೆದ್ವಿ, ಹತ್ತು ಹದಿನೈದು ಸೆಕೆಂಡ್ ಹೊಡೆಯೋದು, ಎರಡು ನಿಮಿಷ ಸುಮ್ನಿರೋದು. ಪೈಪಿನ ತುದೀಲಿ ಡೀಸೆಲ್ ಟುಸ್ ಟುಸ್ ಅಂತ ಬಂದ ಕೂಡ್ಲೇ ನಟ್ ಬಿಗಿ, ಮತ್ತೊಂದು ಸೆಲ್ಫ್, ಮೊದಲು ನಾಲ್ಕು ಸಿಲಿಂಡರ್ ತಟಪಟ ಅಂತ ಎದ್ದು ಆಮೇಲೆ ಆರೂ ಸೇರ್ಕೊಂಡ್ವು. ಕೊನೇಲಿ ಕೈ ಗುಂಡಿನ ಕೆಳಕ್ಕೊತ್ತಿ ತಿರುಗಿಸಿ ಬಿಗಿ ಮಾಡೋದ್ ಮರೀಬೇಡಿ.

ಎರಡು ಎಚ್ಚರಿಕೆ ಇಲ್ಲೇ ಹೇಳ್ತೀನಿ, ದಯವಿಟ್ಟು ಓದಿ. ನಾಜಲ್ ಪೈಪಿನ ಎದುರಿಗೆ ಕೈ ಇಡಬೇಡಿ, ಸಣ್ಣ ಸೂಜಿ ಥರ ಬರೋ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಸಣ್ಣ ಚುಕ್ಕಿ ಕಾಣುತ್ತೆ ನೋವೂ ಅಷ್ಟಿರಲ್ಲ, ಆದ್ರೆ ಒಳಗೆ ಮಾಂಸ ಕೊಳೆಯುತ್ತೆ, ಬೆರಳೇ ಹೋಗಬಹುದು, ಹಂಗೇನಾದ್ರೂ ಆದ್ರೆ ಆ ಕ್ಷಣ ಆಸ್ಪತ್ರೆಗೆ ಹೋಗಿ. ಎರಡನೇದು, ನಾನು ಹೇಳ್ತಿರೋದು ಹಳೇ ಗಾಡಿ ವಿಷಯ. ಕಾಮನ್ ರೈಲ್, ಅಂದ್ರೆ ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡೋ ವ್ಯವಸ್ಥೆ, ಇರೋ ಹೊಸ ಗಾಡೀಲಿ ಪ್ರೆಷರ್ ಸಾವಿರದ ಐನೂರು ಬಾರ್ ದಾಟುತ್ತೆ, ಅಲ್ಲಿ ಈ ಥರ ಪೈಪ್ ಸಡಿಲ ಮಾಡೋ ಮಾತೇ ಇಲ್ಲ, ಸ್ಕ್ಯಾನರ್ ಇರೋರ ಹತ್ರಾನೇ ಹೋಗಿ.

ಗಾಡಿ ಸ್ಟಾರ್ಟ್ ಆಯ್ತು ಅಂತ ಖುಷೀಲಿ ಹೊರಟ್ರೆ ಆಗಲ್ಲ, ಡೀಸೆಲ್ ಬೆರೆತ ಇಂಜಿನ್ ಆಯಿಲ್ ಪೂರ್ತಿ ಇಳಿಸಿ ಆಯಿಲ್ ಫಿಲ್ಟರ್ ಸಮೇತ ಹೊಸದು ಹಾಕ್ಲೇಬೇಕು. ಪಂಪಿಗಿಂತ ನಮಗೆ ಆಯಿಲ್ ಖರ್ಚೇ ಜಾಸ್ತಿ ಬಂತು. ಪಂಪು, ವಾಷರ್, ಗ್ಯಾಸ್ಕೆಟ್ ಎರಡು ಸಾವಿರದೊಳಗೆ, ಮೇಸ್ತ್ರಿ ಕೂಲಿ ಬೇಡ ಅಂದ್ರು, ಅಪ್ಪ ಬಲವಂತವಾಗಿ ಜೇಬಿಗೆ ಐನೂರು ತುರುಕಿ ಬಂದ್ರು.

ಅಪ್ಪ ಹಾಗೂ ಮೇಸ್ತ್ರಿ ಇಬ್ರೂ ಟೀ ಕುಡೀತಾ "ಈಗಿನ ಡೀಸೆಲ್‌ನಲ್ಲಿ ಜಿಡ್ಡಿಲ್ಲ, ಅದಕ್ಕೇ ಪಂಪ್ ಸವೀತವೆ" ಅಂತ ಮಾತಾಡ್ತಿದ್ರು. ಅದರಲ್ಲಿ ಸ್ವಲ್ಪ ನಿಜ ಇದೆ. ಏಪ್ರಿಲ್ 2020ರಿಂದ ದೇಶ ಪೂರ್ತಿ ಬಿಎಸ್ 6 ಡೀಸೆಲ್, ಅಂದ್ರೆ ಹೊಗೆ ಮಾಲಿನ್ಯ ಕಡಿಮೆ ಮಾಡೋ ಹೊಸ ನಿಯಮದ ಡೀಸೆಲ್, ಗಂಧಕ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50) ಇದ್ದಿದ್ದು 10ಕ್ಕೆ ಇಳೀತು. ಗಂಧಕ ತೆಗೆಯೋ ಪ್ರಕ್ರಿಯೆಯಲ್ಲಿ ಡೀಸೆಲ್‌ಗೆ ಸಹಜವಾಗಿದ್ದ ಜಿಡ್ಡಿನ ಅಂಶನೂ ಹೋಗುತ್ತೆ. ಆದ್ರೆ ಅದನ್ನ ತುಂಬೋಕೆ ರಿಫೈನರೀಲೇ ಬೇರೆ ಸೇರಿಸ್ತಾರೆ, ಜಿಡ್ಡು ಇಷ್ಟಿರಲೇಬೇಕು ಅಂತ ಸ್ಟ್ಯಾಂಡರ್ಡೂ ಇದೆ, ಹಾಗಾಗಿ ಸರಿಯಾದ ಬಂಕಿನ ಡೀಸೆಲ್‌ಗೆ ಮನೇಲಿ ಏನೂ ಬೆರೆಸೋ ಅಗತ್ಯ ಇಲ್ಲ. ನಿಜವಾದ ಶತ್ರು ಸೀಮೆಎಣ್ಣೆ ಬೆರೆತ ಅಗ್ಗದ ಡೀಸೆಲ್ಲು, ಟ್ಯಾಂಕ್ ತಳದ ನೀರು. ನಮ್ಮ ಫಿಲ್ಟರ್ ಬಟ್ಟಲಿಂದ ಅವತ್ತು ಅರ್ಧ ಲೋಟ ನೀರು ಬಂತು, ತಳದಲ್ಲಿ ತುಕ್ಕಿನ ಪುಡಿ, ಪ್ಲಂಜರ್ ಮೇಲೆ ಗೀರು ಬಿದ್ದಿದ್ದು ಅದರಿಂದಲೇ ಅಂತ ನನ್ ಅಂದಾಜು. ಈಗ ವಾರಕ್ಕೊಂದು ಸಲ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಆ ಬಟ್ಟಲಿನ ಸ್ಕ್ರೂ ಬಿಚ್ಚಿ ನೀರು ಬಿಡ್ತೀವಿ, ರಾತ್ರಿಯೆಲ್ಲ ನಿಂತು ನೀರು ತಳ ಸೇರಿರುತ್ತೆ.

ದೊಡ್ಡವ್ವನ ಕಬ್ಬು ತೂಕ ಸ್ವಲ್ಪ ಕಮ್ಮಿ ಬಂತು, ಅಪ್ಪ ಆ ಟ್ರಿಪ್ಪಿನ ಬಾಡಿಗೇಲಿ ಅರ್ಧ ಬಿಟ್ಕೊಟ್ರು. ಆಯಮ್ಮ ಬೇಡ ಅಂದ್ಲು, ಅಪ್ಪ ಕೇಳ್ಲಿಲ್ಲ.

ಲೆವೆಲ್ ಪೈಪ್ ವಾಪಸ್ ಕೊಡೋಕೆ ಹೋದಾಗ ಡೀಸೆಲ್ ವಾಸ್ನೆ ಹೊಡೀತಿದೆ ನೀವೇ ಇಟ್ಕೊಳಿ ಅಂದ್ರು ಗಾರೆಯೋರು, ಹೊಸದು ತಂದು ಕೊಟ್ವಿ. ಹಳೇದು ಟೂಲ್ ಬಾಕ್ಸಲ್ಲಿದೆ, ಜೊತೆಗೆ ನಾಲ್ಕು ತಾಮ್ರದ ವಾಷರ್, ಒಂದು ಫಿಲ್ಟರ್, ಎರಡು ಕ್ಲಿಪ್ಪು. ಈ ತಿಂಗಳು ಆ ಪೈಪು ನಮ್ಮೂರಿನ ಎರಡು ಟ್ರ್ಯಾಕ್ಟರ್‌ಗೆ ಹೋಗಿ ಬಂತು. ಒಂದರಲ್ಲಿ ಪೈಪ್ ತುಂಬ ಗುಳ್ಳೆ, ಟ್ಯಾಂಕಿಂದ ಬರೋ ರಬ್ಬರ್ ಪೈಪ್ ಕ್ಲಿಪ್ಪಿನ ಹತ್ರ ಸೀಳಿತ್ತು, ಅಲ್ಲೇ ಎರಡು ಇಂಚು ಕತ್ತರಿಸಿ ಹಾಕಿದ್ವಿ. ಇನ್ನೊಂದರಲ್ಲಿ ಕ್ಯಾನಿಂದ ಕೊಟ್ರೂ ಎಳೀಲಿಲ್ಲ, ಅದರ ದೊಡ್ಡ ಪಂಪೇ ಹೋಗಿತ್ತು, ಅವರು ಇಳಿಸಿ ಬೆಂಚಿಗೆ ಕಳಿಸಿದಾರೆ, ಸೋಮವಾರ ಬರುತ್ತಂತೆ.